ಗ್ರೌಂಡಿನ ಕಡೆಯ ಕಿಟಕಿ

ಅಪ್ಪಾ,

ನೀನು ಆಟದ ಮೇಷ್ಟ್ರಾಗಿ ಸೀಟಿ ಊದುತ್ತಿದ್ದ ಶಾಲೆಗೇ, ನೀನು ಹೋದ ಮೇಲೆ, ನಾನು ಲೆಕ್ಕದ ಟೀಚರಾಗಿ ಸೇರಿದ್ದೇನೆ. ಇವತ್ತು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಅವಳ ಅಮ್ಮನ ಜೊತೆ ಹೆಡ್‌ಮೇಡಂ ಕೋಣೆಗೆ ಕರೆಸಿದ್ದೆವು. ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ. ನನ್ನ ಲೆಕ್ಕದಲ್ಲಿ ಮಾತ್ರ ಫೇಲು.

"ಪಾಸಾಗೋ ತನಕ ಗ್ರೌಂಡಿಗೆ ಇಳಿಯೋ ಹಾಗಿಲ್ಲ. ಸಂಜೆ ಮಿಸ್ ಹತ್ರ ಲೆಕ್ಕ ಹೇಳಿಸ್ಕೋ," ಎಂದರು ಹೆಡ್‌ಮೇಡಂ.

ಅಮ್ಮ ಮಗಳ ತೋಳು ಚಿವುಟಿ, "ಹೂಂ ಅನ್ನೇ," ಎಂದರು. ಹುಡುಗಿ ನನ್ನನ್ನೇ ದಿಟ್ಟಿಸಿದಳು.

"ಕ್ಲಾಸಿಗೇ ಫಸ್ಟ್ ಬರೋಳಿಗೆ ಒಂದು ರೌಂಡ್ ಓಡಕ್ಕಾಗಲ್ಲ. ಅವಳ ಲೆಕ್ಕ ಯಾರೂ ನಿಲ್ಲಿಸಿಲ್ವಲ್ಲ, ಮಿಸ್?"

ಹೆಡ್‌ಮೇಡಂ ನನ್ನತ್ತ ತಿರುಗಿದರು.

ನಾನು ಇಲ್ಲೇ ಓದುತ್ತಿದ್ದಾಗ, ಲೆಕ್ಕದ ಮೇಷ್ಟ್ರು ಬಂದು ಆಟದ ಪೀರಿಯಡ್ ಕೇಳಿದಾಗಲೆಲ್ಲ ನೀನು ಸೀಟಿಯನ್ನು ಜೇಬಿಗಿಳಿಸಿ, ನಗುತ್ತಲೇ ಬಿಟ್ಟುಕೊಡುತ್ತಿದ್ದೆ. ನಾನು ಲೆಕ್ಕದಲ್ಲಿ ಮುಂದೆ ಬಂದದ್ದು ಆ ಪೀರಿಯಡ್‌ಗಳಲ್ಲೇ.

"ಮೊದಲು ಪಾಸಾಗು," ಎಂದೆ.

ಸಂಜೆ ಅವಳು ಓಟದ ಶೂ ಬಿಚ್ಚದೆಯೇ ಬಂದು ಮುಂದಿನ ಬೆಂಚಿನಲ್ಲಿ ಕೂತಳು. ಹೊರಗೆ ಸೀಟಿ ಕೇಳಿದಾಗಲೆಲ್ಲ ಅವಳ ಪೆನ್ನು ನಿಲ್ಲುತ್ತಿತ್ತು. ಕೊನೆಗೆ ನಾನೇ ಎದ್ದು ಗ್ರೌಂಡಿನ ಕಡೆಯ ಕಿಟಕಿ ಮುಚ್ಚಿದೆ, ಅಪ್ಪಾ.