ಎಡಗೈಯ ಕಾಫಿ

ನವೆಂಬರ್ 21, ಶುಕ್ರವಾರ. ಅಬುಧಾಬಿ

ನಾನು ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ. ಅದೂ ತಪ್ಪಾ?

ಆ ಚಿತ್ರ ನನ್ನದು. ಎಂಟುನೂರು ಡ್ರೋನ್‌ಗಳ ಬೆಳಕಿನಲ್ಲಿ ಒಂದು ಬಲಗೈ ಆಕಾಶದಿಂದ ಕಾಫಿ ಬಟ್ಟಲು ನೀಡುತ್ತದೆ. ಕಾಲೇಜಿನ ಸೀನಿಯರ್ ಘಾನಿಮ್ ಅದನ್ನು ತನ್ನದೆಂದು ಡ್ರೋನ್ ಪ್ರದರ್ಶನ ನಡೆಸುವ ಪಾರ್ಕಿನವರಿಗೆ ಕೊಟ್ಟ. ಕೇಳಿದರೆ ಎಲ್ಲರೆದುರು ನಕ್ಕ. "ನಿಮ್ಮಮ್ಮ ಇಂಗ್ಲಿಷಿನವಳು, ನೀನು ಹಾಸ್ಟೆಲ್ ಟೀ ಕುಡಿದು ಬೆಳೆದವಳು. ನಮ್ಮ ಕಾಫಿ ವಿಷಯ ನಿನಗೇನೇ ಗೊತ್ತು?"

ನಿನ್ನೆಯ ಟ್ರಯಲ್ಲನ್ನು ಅವನು ಡ್ರೋನ್ ಏರುವ ಮೈದಾನದಿಂದ ನೋಡಿದ. ಚಿತ್ರವನ್ನು ತನ್ನತ್ತಲೇ ಮುಖ ಮಾಡಿ ಕೂರಿಸಿದ್ದ. ನಾನು ಅದರ ಆಚೆ ಬದಿ, ಜನ ಕೂರುವ ಕಡೆ ನಿಂತಿದ್ದೆ. ಅಲ್ಲಿಂದ ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿ, ಬಟ್ಟಲು ಎಡಗೈಯಲ್ಲಿತ್ತು. ಎಡಗೈಯಲ್ಲಿ ಕಾಫಿ ಕೊಟ್ಟರೆ ಬಂದವರ ಮುಖಕ್ಕೆ ಉಗಿದ ಹಾಗೆ. ಹೇಳಬಹುದಿತ್ತು. ಹೇಳಲಿಲ್ಲ.

ಇವತ್ತಿನ ಪ್ರದರ್ಶನದಲ್ಲಿ ಕೈ ಮೂಡಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನ ಸಾಲಿನ ಮುದುಕರೊಬ್ಬರು ಕೂಗಿದರು, "ಯಾರಪ್ಪಾ ಇದನ್ನ ಮಾಡಿದ್ದು? ಮನೇಲಿ ಏನೂ ಕಲಿಸಿಲ್ವಾ ಅವನಿಗೆ?" ಎಲ್ಲರೂ ನಕ್ಕರು. ಪರದೆಯ ಮೇಲೆ ಘಾನಿಮ್‌ನ ಹೆಸರು ದೊಡ್ಡದಾಗಿ ಹೊಳೆಯುತ್ತಿತ್ತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಾಳೆಯೂ ನಗಲಿ. ಅವನು ಡಿಗ್ರಿ ಮುಗಿಸುವ ತನಕ ನಗಲಿ.

ಅಜ್ಜಿಯನ್ನು, ಅಪ್ಪನ ಅಮ್ಮನನ್ನು, ನಾನೇ ಕರೆದುಕೊಂಡು ಹೋಗಿದ್ದೆ. ಆ ಕೈಯನ್ನು ಅವಳ ಕೈ ನೋಡಿಯೇ ಬರೆದಿದ್ದೆ, ತೋರುಬೆರಳಿನ ದಪ್ಪ ಉಂಗುರದ ಸಮೇತ. ವಾಪಸ್ ಬರುವಾಗ ಕಾರಿನಲ್ಲಿ ಅವಳು ಆ ಉಂಗುರವನ್ನೇ ತಿರುಗಿಸುತ್ತಾ ಕೇಳಿದಳು, "ಶೀಮಾ, ನಾನು ಯಾವತ್ತು ಕಣೇ ಯಾರಿಗಾದ್ರೂ ಎಡಗೈಲಿ ಕೊಟ್ಟಿದ್ದೀನಿ?"

"ಅದು ಘಾನಿಮ್ ಮಾಡಿದ್ದು ಅಜ್ಜಿ" ಅಂದೆ. ಸುಳ್ಳಲ್ಲ. ಅವನ ಮೇಲಿನ ಸಿಟ್ಟು ಈಗಲೂ ಇಳಿದಿಲ್ಲ. ಆದರೆ ನಿನ್ನೆ ನಾನು ಒಂದೇ ಒಂದು ಮಾತು ಹೇಳಿದ್ದರೆ ಅಜ್ಜಿ ಇದನ್ನು ಕೇಳಬೇಕಾಗುತ್ತಿರಲಿಲ್ಲ.