ಬೂದಿಗೆ ಕೈಯಿಟ್ಟು ನೋಡು

ಓರೆಗಾನ್ ಕಾಡಿನಿಂದ

ತಂಗೀ ಲೋರ್ನಾ,

ನೀನೂ ನಿನ್ನ ಗಂಡನೂ ಮುಂದಿನ ಬೇಸಿಗೆಗೆ ನನ್ನ ಹಾಗೆ ಪ್ರವಾಸಿಗರು ತಂಗುವ ಕ್ಯಾಂಪಿನ ಉಸ್ತುವಾರಿಗೆ ಸ್ವಯಂಸೇವಕರಾಗಿ ಸೇರುತ್ತೀರಂತೆ. ವಾಸದ ಟ್ರೇಲರ್ ಗಾಡಿ ನಿಲ್ಲಿಸಲು ಬಿಟ್ಟಿ ಜಾಗ ಕೊಡುತ್ತಾರೆ, ನಿಜ. ಅದಕ್ಕೆ ಬದಲು ಬಂದುಹೋಗುವವರ ಕಕ್ಕಸು ತೊಳೆಯಬೇಕು, ಬೆಂಕಿಗುಂಡಿಯಿಂದ ಅವರ ಬಿಯರ್ ಡಬ್ಬಿ ಹೆಕ್ಕಬೇಕು.

ಇವತ್ತು ಬೆಳಿಗ್ಗೆ ಬಸ್ಸಿನಷ್ಟು ದೊಡ್ಡ ಗಾಡಿಯ ಮಹಾಶಯನೊಬ್ಬ ರಾತ್ರಿ ತಾನು ಹೊತ್ತಿಸಿದ್ದ ಬೆಂಕಿಯ ಗುಂಡಿಗೆ ಎರಡು ಹಿಡಿ ಮಣ್ಣು ಎಸೆದು ಹೊರಡಲು ನಿಂತ. ಸುತ್ತ ಒಣಗಿ ನಿಂತ ಪೈನ್ ಕಾಡು.

“ಬೆಂಕಿ ಆರಿದೆ ಬಿಡಿ ಮೇಡಂ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರ?” ಅಂದ.

“ಆರಿದ್ರೆ ಬೂದಿಗೆ ಬರಿಗೈ ಇಟ್ಟು ತೋರ್ಸಿ. ಇಲ್ಲಿ ನಾವು ನೋಡೋದೇ ಹಾಗೆ” ಅಂದೆ.

ಅವನ ಕೈ ಜೇಬಿನಿಂದ ಈಚೆಗೇ ಬರಲಿಲ್ಲ. ಕೊನೆಗೆ ನಾನೇ ಇಟ್ಟೆ. ಮಣ್ಣಿನಡಿ ಕೆಂಡ ಹಾಗೇ ಇತ್ತು. ಎರಡು ಬೆರಳಿಗೆ ಬೊಬ್ಬೆ ಬಂದಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ.

ಹೋದ ವರ್ಷ ನಮ್ಮ ಹಿತ್ತಲಲ್ಲಿ ನಿನ್ನ ಗಂಡ ಡ್ವೈಟನೂ ಹೀಗೇ ಮಣ್ಣು ಮುಚ್ಚಿ “ಆಯ್ತು” ಅಂದಿದ್ದ. ಆಮೇಲೆ ಬೇಲಿ ಸುಟ್ಟದ್ದನ್ನು ನಾನು ಮರೆತಿಲ್ಲ. ಅವನಿಗೆ ಈ ಉಸ್ತುವಾರಿ ಬೇಡ.

ಯಾರೋ ಸೌದೆಗೆಂದು ಬಾಗಿಲು ಬಡಿಯುತ್ತಿದ್ದಾರೆ, ನಿಲ್ಲಿಸುತ್ತೇನೆ. ಬರುವುದಾದರೆ ಅತಿಥಿಗಳಾಗಿ ಬನ್ನಿ. ಹೊರಡುವ ದಿನ ಡ್ವೈಟ್ ಬೂದಿಗೆ ಕೈಯಿಟ್ಟು ತೋರಿಸುವವರೆಗೂ ಗೇಟು ಮಾತ್ರ ತೆಗೆಯುವುದಿಲ್ಲ.

ಅಕ್ಕ ಮಾರ್ವಾ