ಬಿಚ್ಚದ ಕಾಯಿ

ಬೈಲಹೊಂಗಲ
೧೨ ಆಗಸ್ಟ್ ೨೦೨೪

ಪ್ರೀತಿಯ ಭಾಗ್ಯಾಳಿಗೆ,

ರಾಮದುರ್ಗದಲ್ಲಿ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನೀನು ಎರಡು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಬೈಯಬೇಡ. ನಮ್ಮದು ಎರಡೇ ಕೋಣೆಯ ಮನೆ. ಎಷ್ಟು ಮೆಲ್ಲಗೆ ಮಾತಾಡಿದರೂ ಮಂಚದ ಮೇಲಿರುವ ನಮ್ಮ ಮನೆಯವರಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಇವರಿಗೆ ಲಕ್ವಾ ಹೊಡೆದು ಎಂಟು ತಿಂಗಳಾಯಿತು. ಬಲಗೈ ಇನ್ನೂ ಏಳುವುದಿಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಈಗ ದೊಡವಾಡ ಬಸ್ಸಿನ ಹಾರ್ನ್ ಕೇಳಿ ಡ್ರೈವರ್ ಯಾರೆಂದು ಹೇಳುತ್ತಾ ಮಲಗಿರುತ್ತಾರೆ.

ನಮ್ಮ ಗ್ರಂಥಾಲಯದ ಸುದ್ದಿ ಕೇಳು. ಗುರುವಾರದ ಓದುಗರ ಕೂಟಕ್ಕೆ ಈ ಸಲ ಒಂದು ಹಳೆಯ ಹೆದರಿಕೆಯ ಕಥೆ ಆರಿಸಿದ್ದೆ. ಬೇಡಿದ್ದನ್ನೆಲ್ಲ ಕೊಡುವ ಒಂದು ವಸ್ತು, ಕೊಡುವಾಗ ಮನೆಯವರ ಜೀವಕ್ಕೇ ಕೈ ಹಾಕುತ್ತದೆ. ಇದ್ದದ್ದು ಒಂದೇ ಪ್ರತಿ, ನನ್ನನ್ನೂ ಸೇರಿಸಿ ಐದು ಜನರ ಮನೆಗಳಲ್ಲಿ ತಿರುಗಿತು. ಓದಿದವರು ತಮಗೆ ಅನಿಸಿದ್ದನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ಪುಸ್ತಕದ ಹಿಂದಿನ ಲಕೋಟೆಯಲ್ಲಿ ಇಡಬೇಕು. ಟೀಚರಾಗಿದ್ದವಳ ಬುದ್ಧಿ, ಎಲ್ಲಿ ಹೋಗುತ್ತದೆ?

ಅಂಚೆ ಕಚೇರಿಯಲ್ಲಿದ್ದ ನಿಜಗುಣಪ್ಪನವರು, "ಇದೆಲ್ಲಾ ಸುಳ್ಳ ಬಿಡ್ರಿ ಟೀಚರ. ಆದ್ರೂ ಓದಿದ ಮ್ಯಾಲೆ ದೇವರ ಮುಂದ ಏನೂ ಕೇಳಲಿಲ್ಲ ನೋಡ್ರಿ, ಬರೇ ಕೈ ಮುಗದು ಬಂದೆ" ಎಂದರು. ಎಲ್ಲರೂ ನಕ್ಕರು. ಹೊಲಿಗೆಯ ಶಟ್ಟೆವ್ವ ಮಾತ್ರ ನಗಲಿಲ್ಲ. "ಆ ವಸ್ತುಂದು ಏನ ತಪ್ಪೈತ್ರಿ? ಬೇಡಿಕೊಳ್ಳಾಕಿ ಸರಿಯಾಗಿ ಬಿಡಿಸಿ ಹೇಳಬೇಕಿತ್ತು." ಇದನ್ನು ನನ್ನ ಮುಖ ನೋಡಿಯೇ ಅಂದಳು ಅನಿಸಿತು. ಅವಳಿಗೆ ಏನಾದರೂ ಗೊತ್ತಿದೆಯೇ?

ಆಮೇಲೆ ಚೀಟಿ ಎಣಿಸಿದೆ. ಓದಿದವರು ಐದು ಮಂದಿ, ಚೀಟಿ ಆರು. ಆರನೆಯದರಲ್ಲಿ ಸೊಟ್ಟ ಅಕ್ಷರದಲ್ಲಿ ಹೀಗಿತ್ತು: "ನನ್ನ ಹೆಂಡತಿನೂ ಏನೋ ಬೇಡಿಕೊಂಡಾಳ. ಕೇಳಾಕ ಧೈರ್ಯ ಆಗವಲ್ದು."

ಕೂಟದಲ್ಲಿ ಗಂಡಸರು ಇಬ್ಬರೇ. ನಿಜಗುಣಪ್ಪನವರ ಹೆಂಡತಿ ತೀರಿ ಎಷ್ಟೋ ವರ್ಷವಾಯಿತು, ಯಮನಪ್ಪನಿಗೆ ಮದುವೆಯೇ ಆಗಿಲ್ಲ. ಆದರೂ ಇಬ್ಬರನ್ನೂ ಕಳ್ಳರನ್ನು ನೋಡಿದ ಹಾಗೆ ನೋಡಿದೆ. ಆ ಚೀಟಿಯನ್ನು ಓದಿ ಹೇಳಲಿಲ್ಲ, ಪರ್ಸಿನಲ್ಲಿ ಇಟ್ಟುಕೊಂಡು ಬಂದೆ.

ನಿನ್ನ ಮಗಳು ಗಂಗಾಳ ಪರೀಕ್ಷೆ ಹತ್ತಿರ ಬಂತಲ್ಲ, ಚೆನ್ನಾಗಿ ಬರೆಯಲಿ. ಅವಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ
ಅನ್ನಪೂರ್ಣಾ

ತಾ.ಕ.: ಕೊನೆಯ ನಾಲ್ಕು ದಿನ ಆ ಪುಸ್ತಕ ನಮ್ಮ ಮನೆಯಲ್ಲೇ, ಇವರ ಮಂಚದ ಪಕ್ಕದಲ್ಲಿತ್ತು. ನಿನ್ನೆ ಇವರು ಎಡಗೈಯಿಂದ ಗುಳಿಗೆಯ ಹೆಸರು ಬರೆದುಕೊಟ್ಟರು. ಅದೇ ಸೊಟ್ಟ ಅಕ್ಷರ.

ಹೋದ ದಸರೆಯಲ್ಲಿ ಸವದತ್ತಿ ಹಾದಿಯ ಗುಡಿಯಲ್ಲಿ ನಾನು ಹರಕೆಯ ಕಾಯಿ ಕಟ್ಟುವಾಗ ಪಕ್ಕದಲ್ಲಿದ್ದವಳು ನೀನೊಬ್ಬಳೇ. "ಇವರು ಬಸ್ಸು ಬಿಟ್ಟು ಮನಿಯಾಗ ನನ್ನ ಕಣ್ಣಮುಂದ ಇರಲಿ" ಎಂದು ಬೇಡಿಕೊಂಡದ್ದು ನಿನಗೆ ಕೇಳಿಸಿತ್ತು. ಕಾಯಿ ಕಟ್ಟಿದ್ದನ್ನೂ ನಾನು ಇವರಿಗೆ ಹೇಳಿರಲಿಲ್ಲ. ನೀನು ಹೇಳಿದೆಯಾ ಭಾಗ್ಯಾ? ಖರೆ ಹೇಳು.

ಬೇಡಿದ್ದು ಕೈಗೂಡಿದವರು ಹೋಗಿ ಕಾಯಿ ಬಿಚ್ಚಬೇಕು. ಬಿಚ್ಚಿದರೆ ಇದನ್ನು ಬೇಡಿದವಳು ನಾನೇ ಎಂದು ಒಪ್ಪಿಕೊಂಡಂತೆ. ಅದಕ್ಕೇ ಇನ್ನೂ ಹೋಗಿಲ್ಲ. ಇವತ್ತು ಬೆಳಿಗ್ಗೆ ಚಹಾ ಕುಡಿಸುವಾಗ ಇವರು ನನ್ನ ಕೈ ಹಿಡಿದು ಕೇಳಿದರು: "ನೀ ಕಟ್ಟಿದ ಕಾಯಿ ಬಿಚ್ಚಾಕ ಯಾವಾಗ ಹೋಗೂಣು?"